ದೋಣಿಯ ದುಲ್ಫೊ ಹೇಳಿದ ಬಸ್ಸಿನ ದಾರಿ

ಕಾಲುತಾನ್ ದ್ವೀಪದ ಜನ ಟಿಯೋದುಲ್ಫೊ ಬೆಲಾರ್ಗಾನನ್ನು, ಎಂದರೆ ದೋಣಿಯ ದುಲ್ಫೊನನ್ನು, ‘ಮದುಮಗಳು’ ಎಂದು ಕರೆಯತೊಡಗಿ ವರ್ಷವಾಗುತ್ತ ಬಂದಿತ್ತು. ಐವತ್ತಾರು ದಾಟಿದ ಗಂಡಸು. ಎಸ್ತಾನ್ಸಿಯಾ ಬಂದರಿಗೂ ದ್ವೀಪಕ್ಕೂ ನಡುವೆ ಮೂವತ್ತು ವರ್ಷದಿಂದ ಜನರನ್ನೂ ಮೀನಿನ ಬುಟ್ಟಿಗಳನ್ನೂ ಹೊತ್ತು ದೋಣಿ ಓಡಿಸಿದವನು. ಹಗ್ಗ ಎಳೆದೆಳೆದು ಅಂಗೈ ಜಡ್ಡುಗಟ್ಟಿತ್ತು. ಅಂಥವನಿಗೆ ಈ ಹೆಸರು ಅಂಟಿಸಿದವಳು ಜೆಟ್ಟಿಯ ಬುಡದಲ್ಲಿ ಅಂಗಡಿ ಇಟ್ಟುಕೊಂಡಿದ್ದ ನಾಂಗ್ ಸೆಪಾ, ಎಂದರೆ ಸೆಪಾ ಅಕ್ಕ. ಕಟ್ಟಿಕೊಂಡ ಹೆಂಡತಿ ಕೆನಡಾದಲ್ಲಿ, ಇವನು ಇಲ್ಲಿ. ಅವಳು ಅರ್ಜಿ ಹಾಕಿದ್ದಾಳೆ, ಇವನು ಯಾವಾಗ ಕರೆಸಿಕೊಳ್ಳುತ್ತಾಳೋ ಎಂದು ಕಾಯುತ್ತಿದ್ದಾನೆ. ಊರಿಗೆ ಇದಕ್ಕಿಂತ ದೊಡ್ಡ ತಮಾಷೆ ಇನ್ನೇನು ಬೇಕು?

“ಏನಮ್ಮ ಮದುಮಗಳೇ, ಗಂಡನ ಮನೆಯಿಂದ ಓಲೆ ಬಂತಾ?” ಬೆಳಗಿನ ಮೊದಲ ಸವಾರಿಗೆ ಅವನು ಹಗ್ಗ ಬಿಚ್ಚುವಾಗ ಅವಳು ಅಂಗಡಿಯಿಂದಲೇ ಕೂಗುತ್ತಿದ್ದಳು.

“ಬರುತ್ತೆ ನಾಂಗ್, ಅವಸರ ಏನಿದೆ?”

“ಅವಸರ ನಿನಗಲ್ಲ ಕಣೋ, ನನಗೆ. ಮದುವೆ ಗೌನು ಹಾಕ್ಕೊಂಡು ನೀನು ವಿಮಾನ ಹತ್ತೋದನ್ನ ನೋಡಿ ಸಾಯೋಣ ಅಂತ.”

ದೋಣಿಯಲ್ಲಿ ಕೂತ ಟೀಚರಮ್ಮಂದಿರು, ಮೀನು ಮಾರುವ ಹೆಂಗಸರು ಎಲ್ಲ ಕಿಸಕ್ಕನೆ ನಗುತ್ತಿದ್ದರು. ದುಲ್ಫೊ ತಾನೂ ನಕ್ಕು ಇಂಜಿನ್ನಿನ ಹಗ್ಗ ಜಗ್ಗುತ್ತಿದ್ದ. ಇಂಜಿನ್ ಶುರುವಾದ ಮೇಲೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ.

ಆ ಹೆಂಡತಿ ಎಪಿಫಾನಿಯಾಳನ್ನು, ಎಲ್ಲರ ಬಾಯಲ್ಲಿ ಫಾನಿಯಾಳನ್ನು, ಮದುವೆಯಾಗುತ್ತೀಯಾ ಎಂದು ಅವನು ಮೊದಲು ಕೇಳಿದ್ದು ಮೂವತ್ತೆರಡು ವರ್ಷದ ಹಿಂದೆ. ಅವಳಿಗೆ ಹದಿನೆಂಟು, ಅವನಿಗೆ ಇಪ್ಪತ್ತನಾಲ್ಕು. ಒಂದಿಡೀ ಬೇಸಿಗೆ ಅವಳ ಮನೆಗೆ ನೀರು ಹೊತ್ತಿದ್ದ, ಸೌದೆ ಸೀಳಿ ಹಾಕಿದ್ದ. ಅವಳ ಅಪ್ಪ ಬಿರುಗಾಳಿಯಲ್ಲಿ ದೋಣಿಸಮೇತ ಹೋದ ಮೇಲೆ ಅವಳ ಕೆಳಗೆ ಏಳು ಜನ ತಮ್ಮ ತಂಗಿಯರು ಬಾಯಿ ಬಿಟ್ಟುಕೊಂಡು ಕೂತಿದ್ದರು. ಈಗ ಮದುವೆ ಆಗದೆಂದು ಹೇಳಿ ಅವಳು ಮನೆಗೆಲಸಕ್ಕೆಂದು ಮನಿಲಾಕ್ಕೆ ಹೋದಳು, ಅಲ್ಲಿಂದ ಹಾಂಗ್‌ಕಾಂಗಿಗೆ, ಕೊನೆಗೆ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದು ಕೆನಡಾದ ವಿನಿಪೆಗ್ಗಿಗೆ. ಏಳು ಜನರನ್ನೂ ಓದಿಸಿದಳು. ಒಬ್ಬ ಇಂಜಿನಿಯರಾದ, ಇಬ್ಬರು ನರ್ಸುಗಳಾದರು, ಒಬ್ಬಳು ಬ್ಯಾಂಕು ಸೇರಿದಳು. ಅವಳು ಮಾತ್ರ ಮದುವೆಯಾಗಲಿಲ್ಲ. ದುಲ್ಫೊ ಕಾದ ಕಾಲ ಕಾದು, ರೋಸಿಂಗ್ ಎಂಬವಳನ್ನು ಮದುವೆಯಾದ. ಒಳ್ಳೆಯ ಹೆಂಗಸು. ಮರಿದೆಲ್ ಎಂಬ ಒಬ್ಬಳೇ ಮಗಳನ್ನು ಕೊಟ್ಟು, ಅವಳ ಮದುವೆಯನ್ನೂ ನೋಡಿ, ಮೂತ್ರಪಿಂಡದ ಕಾಯಿಲೆಯಲ್ಲಿ ಹೋಗಿಬಿಟ್ಟಳು. ಅದಾಗಿ ಒಂಬತ್ತು ವರ್ಷ.

ಫಾನಿಯಾಳ ತಾಯಿ ಎಸ್ತಾನ್ಸಿಯಾದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹೆಣವನ್ನು ದ್ವೀಪಕ್ಕೆ ತಂದದ್ದು ದುಲ್ಫೊನ ದೋಣಿ. ಪೆಟ್ಟಿಗೆಯ ತಲೆಯ ಕಡೆ ಫಾನಿಯಾ ಕೂತಿದ್ದಳು, ವಿಮಾನದಲ್ಲಿ ತೊಟ್ಟು ಬಂದ ಬಟ್ಟೆಯಲ್ಲೇ. ಸಾಲಾಗಿ ತಮ್ಮ ತಂಗಿಯರು ಅಳುತ್ತಿದ್ದರು. ಅವಳೊಬ್ಬಳು ಅಳದೆ ಎಲ್ಲರ ಬೆನ್ನು ಸವರುತ್ತಿದ್ದಳು. ಅರ್ಧ ದಾರಿಗೆ ಬಂದಾಗ ಎದ್ದು ಹಿಂದಕ್ಕೆ, ಚುಕ್ಕಾಣಿಯ ಹತ್ತಿರ ಬಂದಳು.

“ದುಲ್ಫೊ, ಸ್ವಲ್ಪ ಹೊತ್ತು ಇಂಜಿನ್ ನಿಲ್ಲಿಸ್ತೀಯಾ? ತಲೆ ಒಡೀತಾ ಇದೆ.”

ಅವನು ನಿಲ್ಲಿಸಿದ. ದೋಣಿ ಅಲೆಯ ಮೇಲೆ ಸುಮ್ಮನೆ ತೂಗಿತು. ಆ ಮೌನದಲ್ಲಿ ಅವಳು ಅಲ್ಲೇ, ಅವನ ಪಕ್ಕದಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಕೂತು ಅತ್ತಳು. ಅವನು ಚುಕ್ಕಾಣಿ ಹಿಡಿದು ಕಾದ. ಸಾಕಾಯಿತೆಂದು ಅವಳು ತಲೆಯಾಡಿಸಿದ ಮೇಲೆ ಮತ್ತೆ ಹಗ್ಗ ಜಗ್ಗಿದ.

ಅವಳಿಗಿದ್ದ ರಜೆ ಐದು ವಾರ. ಮಣ್ಣು ಮುಗಿಸಿ ತಮ್ಮ ತಂಗಿಯರೆಲ್ಲ ಅವರವರ ಊರಿಗೆ ಹೋದರು. ಅವಳು ಮನೆಯಲ್ಲಿ ಒಬ್ಬಳೇ ಉಳಿದಳು. ದಿನಾ ಸಂಜೆ ದುಲ್ಫೊ ಮೀನು ಕೊಟ್ಟು ಹೋಗುವ ನೆಪದಲ್ಲಿ ಬರುತ್ತಿದ್ದ. ಹದಿನಾರನೆಯ ದಿನ ಅವಳೇ ಕೇಳಿದಳು: “ಆವತ್ತು ಕೇಳಿದ್ದನ್ನ ಇನ್ನೊಂದು ಸಲ ಕೇಳ್ತೀಯೋ, ಇಲ್ಲಾ ಬರೀ ಮೀನು ಕೊಡ್ತೀಯೋ?”

ತಾಯಿ ಸತ್ತು ನಲವತ್ತು ದಿನ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಮದುವೆಯೇ ಎಂದು ತಮ್ಮ ತಂಗಿಯರು ಉರಿದುಬಿದ್ದರು. ಅದಕ್ಕಿಂತ ಹೆಚ್ಚಾಗಿ, ಮೂರನೇ ಕ್ಲಾಸು ಓದಿದ ದೋಣಿಯವನು ತಮ್ಮಕ್ಕನಿಗೆ ಗಂಡನೇ ಎಂದು. ಒಬ್ಬರೂ ಬರಲಿಲ್ಲ. ಬೆಳಗಿನ ಆರು ಗಂಟೆಯ ಪೂಜೆಯಾದ ಮೇಲೆ ಪಾದ್ರಿ ಎಂಟು ಜನರ ಮುಂದೆ ಮದುವೆ ಮಾಡಿಸಿದರು. ವಾದ್ಯವಿಲ್ಲ, ಹಂದಿ ಸುಡಲಿಲ್ಲ, ಫೋಟೋದವನನ್ನು ಕರೆಸಲಿಲ್ಲ. ಆರು ದಿನ ಒಟ್ಟಿಗೆ ಇದ್ದರು. ಏಳನೆಯ ದಿನ ಅವಳು ಹೊರಟಳು.

ಹೋದ ಎರಡೇ ತಿಂಗಳಿಗೆ ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು.

ಅಲ್ಲಿಂದಾಚೆಗೆ ಅವರ ಸಂಸಾರ ನಡೆದದ್ದು ಫೋನಿನಲ್ಲಿ. ದ್ವೀಪದಲ್ಲಿ ಜೆಟ್ಟಿಯ ತುದಿ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಸಂಜೆ ಊಟ ಮುಗಿಸಿ ದುಲ್ಫೊ ಅಲ್ಲಿಗೆ ಬಂದು ಕೂರುವ ಹೊತ್ತಿಗೆ ವಿನಿಪೆಗ್ಗಿನಲ್ಲಿ ಬೆಳಗಾಗುತ್ತಿತ್ತು, ಫಾನಿಯಾ ಕೆಲಸಕ್ಕೆ ಹೋಗಲು ಬಸ್ ಹತ್ತುತ್ತಿದ್ದಳು. ಬಸ್ ಇಳಿಯುವವರೆಗೂ ಮಾತು. ದುಲ್ಫೊಗೆ ಮೆಸೇಜ್ ಬರೆಯುವುದು ಬಾರದು. ಬರೆದರೂ ನಾಲ್ಕು ಪದಕ್ಕೆ ಅರ್ಧ ಗಂಟೆ. ಮೊದಮೊದಲು ಅವನಿಗೆ ಮಾತೂ ಹೊಳೆಯುತ್ತಿರಲಿಲ್ಲ. ದೋಣಿಯವನಿಗೆ ಕೇಳಲು ಗೊತ್ತಿದ್ದದ್ದು ಒಂದೇ ಪ್ರಶ್ನೆ.

“ಈಗ ಎಲ್ಲಿದ್ದೀಯ, ಇಂದಾಯ್?”

ಮುದ್ದಿನ ಆ ಕರೆಗೆ ಓಗೊಟ್ಟು ಅವಳು ಹೇಳುತ್ತಿದ್ದಳು. ಈಗ ಶಾಲೆ ದಾಟಿದೆ. ಈಗ ಚರ್ಚು. ಅವನು ಆ ಕಡೆಯಿಂದ “ಹೂಂ” ಎನ್ನುತ್ತಿದ್ದ. ಹೂಂಗುಟ್ಟುತ್ತಲೇ ಆಚೀಚೆ ಏನಿದೆ, ಯಾರು ಹತ್ತಿದರು, ಯಾಕೆ ನಿಂತಿತು ಎಂದೆಲ್ಲ ಕೇಳುತ್ತಿದ್ದ. ಸಮುದ್ರದಲ್ಲಿ ಬಂಡೆ ಎಲ್ಲಿದೆ, ಆಳ ಎಲ್ಲಿದೆ ಎಂದು ಹಿರಿಯರ ಬಾಯಿಂದ ಕೇಳಿಯೇ ಕಲಿತವನು. ಕೇಳಿದ್ದು ಅವನ ತಲೆಯಲ್ಲಿ ಕೂತುಬಿಡುತ್ತಿತ್ತು.

ಅರ್ಜಿ ಹಾಕಿದ ಐದನೆಯ ತಿಂಗಳು ವೈದ್ಯಕೀಯ ಪರೀಕ್ಷೆಗೆ ಕರೆ ಬಂತು. ದುಲ್ಫೊ ಹುಟ್ಟಿದ ಮೇಲೆ ಮೊದಲ ಸಲ ಮನಿಲಾ ನೋಡಿದ. ಫಾನಿಯಾಳ ಇಂಜಿನಿಯರ್ ತಮ್ಮ ವೆನಾನ್ಸಿಯೊ ಅಕ್ಕನ ಮಾತು ಮೀರಲಾರದೆ ಮನೆಗೆ ಕರೆದುಕೊಂಡ. ಮಲಗಲು ಕಾರು ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಸಿಸಿದ. ಊಟಕ್ಕೆ ಕೂತಾಗಲೂ ಫೋನಿನಿಂದ ತಲೆಯೆತ್ತಲಿಲ್ಲ.

ಆಸ್ಪತ್ರೆಯವರು ಎಕ್ಸ್‌ರೇ ತೆಗೆದು, ಎದೆಯ ಬಲಭಾಗದಲ್ಲಿ ಬೆರಳಗಲದ ಬಿಳಿ ಕಲೆ ತೋರಿಸಿದರು. ದುಲ್ಫೊಗೆ ಆ ಕಲೆ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ ಕ್ಷಯ ಬಂದು, ಆರು ತಿಂಗಳು ಮಾತ್ರೆ ನುಂಗಿ ವಾಸಿಮಾಡಿಕೊಂಡಿದ್ದ. ವಾಸಿಯಾಗಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಮೂರು ಬೆಳಿಗ್ಗೆ ಬಂದು ಕಫ ಕೊಡಬೇಕು, ಅದನ್ನು ಎಂಟು ವಾರ ಇಟ್ಟು ನೋಡುತ್ತೇವೆ ಎಂದರು.

ಗಾಜಿನ ಕೋಣೆಯಲ್ಲಿ ನಿಂತು, ಕೈಯಲ್ಲಿ ಡಬ್ಬಿ ಹಿಡಿದು, ಅವನು ಎಷ್ಟು ಕ್ಯಾಕರಿಸಿದರೂ ಎಂಜಲಲ್ಲದೆ ಬೇರೇನೂ ಬರಲಿಲ್ಲ.

“ಇದು ಎಂಜಲು. ಆಳದಿಂದ ಬರಬೇಕು,” ಎಂದಳು ನರ್ಸ್.

“ಆಳದಲ್ಲಿ ಏನೂ ಇಲ್ಲ ಮೇಡಂ. ಇದ್ದಿದ್ರೆ ಕೊಡದೆ ಇಟ್ಕೊಳ್ತಿದ್ನಾ?”

ನರ್ಸ್ ನಕ್ಕಳೇ ಹೊರತು ಬಿಡಲಿಲ್ಲ. ಮೂರು ದಿನ ಹೇಗೋ ಡಬ್ಬಿ ತುಂಬಿಸಿ ಅವನು ಊರಿಗೆ ಬಂದ. ಎಂಟು ವಾರ ನಾಂಗ್ ಸೆಪಾ ‘ಮದುಮಗಳಿಗೆ ಕೆಮ್ಮಂತೆ’ ಎಂದು ಸಾರಿದಳು. ಒಂಬತ್ತನೆಯ ವಾರ ಫಲಿತಾಂಶ ಬಂತು: ಏನೂ ಇಲ್ಲ, ಎದೆ ಶುದ್ಧ. ದುಲ್ಫೊ ಜೆಟ್ಟಿಯ ಮೇಲೆ ನಿಂತು, ಎಲ್ಲರ ಎದುರಿಗೆ, ಎದೆಗೆ ಎರಡು ಸಲ ಗುದ್ದಿಕೊಂಡು ತೋರಿಸಿದ.

ಆದರೆ ಹನ್ನೊಂದನೆಯ ತಿಂಗಳು ಬಂದ ಪತ್ರ ಎಲ್ಲರ ಬಾಯಿ ಕಟ್ಟಿತು. ಮರಿದೆಲ್ ಜೆಟ್ಟಿಯ ತುದಿಯಲ್ಲಿ ಕೂತು, ಫೋನಿನಲ್ಲಿ ಬಂದದ್ದನ್ನು ಒಂದೊಂದೇ ಸಾಲು ಓದಿ ಅಪ್ಪನಿಗೆ ಹೇಳಿದಳು. ಈ ಮದುವೆ ನಿಜವಾದದ್ದೆಂದು ನಮಗೆ ಮನವರಿಕೆಯಾಗಿಲ್ಲ. ಹೆಣ್ಣಿನ ಕಡೆಯ ಒಬ್ಬರೂ ಮದುವೆಗೆ ಬಂದಿಲ್ಲ. ಗಂಡ ಹೆಂಡತಿ ಜೊತೆಗಿದ್ದದ್ದು ಆರು ದಿನ. ಫೋಟೋ ಮೂರು. ಬರೆದ ಪತ್ರಗಳಿಲ್ಲ, ಮೆಸೇಜುಗಳಿಲ್ಲ. ಹೆಂಡತಿ ಗಂಡನಿಗೆ ಹಣ ಕಳಿಸಿದ ರಸೀದಿ ಒಂದೂ ಇಲ್ಲ. ಸಂದರ್ಶನಕ್ಕೆ ಮನಿಲಾಕ್ಕೆ ಬನ್ನಿ.

“ಹಣ ಕಳಿಸೋಕೆ ನೀನೇ ಬಿಡಲಿಲ್ವಲ್ಲಪ್ಪ,” ಮರಿದೆಲ್ ಕಣ್ಣೊರೆಸಿಕೊಂಡಳು. “ಎಲ್ಲರೂ ಇಸ್ಕೊಳ್ತಾರೆ. ನಿನಗೊಬ್ಬನಿಗೆ ದೊಡ್ಡ ಮರ್ಯಾದೆ.”

“ನನ್ನ ಹತ್ರ ದೋಣಿ ಇದೆ, ಅವಳ ಹತ್ರ ಯಾಕೆ ಇಸ್ಕೊಳ್ಲಿ?”

“ಅದನ್ನೇ ಅವರು ತಪ್ಪು ಅಂತಿದ್ದಾರೆ. ಗಂಡ ಆದವನು ಇಸ್ಕೊಳ್ಳದೆ ಇರ್ತಾನಾ ಅಂತ.”

ಆವತ್ತು ಸಂಜೆ ಫೋನಿನಲ್ಲಿ ಫಾನಿಯಾಳ ದನಿ ಸಣ್ಣಗಾಗಿತ್ತು. “ನಮ್ಮ ಹತ್ರ ತೋರಿಸೋಕೆ ಏನೂ ಇಲ್ಲ ದುಲ್ಫೊ. ನಿನ್ನ ಎರಡು ಫೋನೂ ನೀರಿಗೆ ಬಿದ್ವು. ನನ್ನ ಫೋನಲ್ಲಿ ಎಷ್ಟು ಹೊತ್ತು ಮಾತಾಡಿದ್ವಿ ಅನ್ನೋ ಲೆಕ್ಕ ಇದೆ. ಏನು ಮಾತಾಡಿದ್ವಿ ಅನ್ನೋದು ಎಲ್ಲಿದೆ?”

“ನಾನಿದ್ದೀನಲ್ಲ,” ಎಂದ ಅವನು. ಹಾಗೆ ಹೇಳುವಾಗ ಅವನಿಗೆ ಅದರ ಅರ್ಥ ಏನೆಂದು ಗೊತ್ತಿರಲಿಲ್ಲ. ಅವಳನ್ನು ಸಮಾಧಾನ ಮಾಡಬೇಕಿತ್ತು, ಅಷ್ಟೇ.

ಸಂದರ್ಶನದ ದಿನ ವೆನಾನ್ಸಿಯೊ ತಾನೇ ಗೇಟಿನವರೆಗೂ ಬಿಟ್ಟ. ಇಳಿಯುವಾಗ, “ಕಾಲರ್ ಗುಂಡಿ ಹಾಕ್ಕೊ,” ಎಂದ.

ಒಳಗೆ ಗಾಜಿನಾಚೆ ಒಬ್ಬಳು ಅಧಿಕಾರಿ, ನಲವತ್ತರ ಆಸುಪಾಸು, ಕನ್ನಡಕ ಮೂಗಿನ ತುದಿಗೆ. ಪಕ್ಕದಲ್ಲಿ ಇವನ ಭಾಷೆಯನ್ನು ಅವಳಿಗೆ ತಿಳಿಸಿಹೇಳಲು ಇಲೊಯಿಲೊ ಕಡೆಯ ಹುಡುಗಿ. ತನ್ನ ಕಡೆಯ ಮಾತು ಕಿವಿಗೆ ಬಿದ್ದಾಗ ದುಲ್ಫೊಗೆ ಅರ್ಧ ಉಸಿರು ಬಂತು.

“ಮದುವೆಗೆ ಅವರ ಮನೆಯವರು ಯಾಕೆ ಬರಲಿಲ್ಲ?”

“ನಾನು ಅವರಿಗೆ ಸರಿಹೋಗ್ಲಿಲ್ಲ ಮೇಡಂ. ತಾಯಿ ಸತ್ತ ಹೊಸತು ಬೇರೆ.”

“ಹಾಸಿಗೆಯ ಯಾವ ಪಕ್ಕದಲ್ಲಿ ಅವರು ಮಲಗುತ್ತಾರೆ?”

“ಹಾಸಿಗೆ ಇಲ್ಲ ಮೇಡಂ, ಚಾಪೆ. ಅವಳು ಕಿಟಕಿ ಕಡೆ. ಆರು ದಿನದಲ್ಲಿ ಎರಡು ದಿನ ಮಳೆ ಬಂತು. ಆವತ್ತು ಈ ಕಡೆ.”

ಹುಡುಗಿ ನಗು ತಡೆದುಕೊಂಡು ತಿಳಿಸಿದಳು. ಅಧಿಕಾರಿ ನಗಲಿಲ್ಲ. ಬರೆದುಕೊಂಡಳು. ಆಮೇಲೆ ಒಂದು ಹಾಳೆಯ ಮೇಲೆ ಕೈಯಿಟ್ಟು ಹೇಳಿದಳು: “ನಮಗೆ ಒಂದು ಪತ್ರ ಬಂದಿದೆ. ಹೆಸರಿಲ್ಲ. ನೀವು ಕೆನಡಾಕ್ಕೆ ಹೋಗೋದಕ್ಕೋಸ್ಕರವೇ ಈ ಮದುವೆ ಮಾಡಿಕೊಂಡಿದ್ದೀರಿ, ಕಾಯಿಲೆಯ ಮನುಷ್ಯ, ಆಕೆಯ ಮೇಲೆ ಬಿದ್ದುಕೊಂಡು ತಿನ್ನೋದಕ್ಕೆ ಬರ್ತಿದ್ದೀರಿ ಅಂತ ಅದರಲ್ಲಿದೆ. ಏನು ಹೇಳ್ತೀರಿ?”

ದುಲ್ಫೊ ಗಾಜಿನಾಚೆಯ ಆ ಹಾಳೆಯನ್ನು ನೋಡಿದ.

“ಬರೆದವರಿಗೆ ಅವಳ ಮೇಲೆ ಪ್ರೀತಿ ಇದೆ ಮೇಡಂ. ಅವಳು ಮೋಸ ಹೋಗಬಾರದು ಅಂತ ಬರೆದಿದ್ದಾರೆ. ಅವರ ಜಾಗದಲ್ಲಿ ನಾನಿದ್ದಿದ್ರೆ ನಾನೂ ಬರೀತಿದ್ನೇನೋ.” ಒಂದು ಕ್ಷಣ ತಡೆದು ಸೇರಿಸಿದ, “ಬರೆಯೋಕೆ ಬಂದಿದ್ರೆ.”

ಅಧಿಕಾರಿ ಈ ಸಲ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

“ನೀವು ದಿನಾ ಫೋನಿನಲ್ಲಿ ಮಾತಾಡ್ತೀವಿ ಅಂತ ಹೇಳಿದ್ದೀರಿ. ಏನು ಮಾತಾಡ್ತೀರಿ?”

“ದೊಡ್ಡದೇನಿಲ್ಲ. ಅವಳು ಬಸ್ಸಲ್ಲಿ ಇರ್ತಾಳೆ. ಎಲ್ಲಿದ್ದೀಯ ಅಂತ ಕೇಳ್ತೀನಿ. ಹೇಳ್ತಾಳೆ.”

“ಏನು ಹೇಳ್ತಾರೆ?”

ದುಲ್ಫೊ ಕಣ್ಣು ಮುಚ್ಚಿದ. ಮಂಜು ಕವಿದ ಬೆಳಿಗ್ಗೆ ದೋಣಿ ಬಿಡುವಾಗ ಅವನು ಹೀಗೇ ಮಾಡುತ್ತಿದ್ದದ್ದು.

“ಬಟ್ಟೆ ಒಗೆಯೋ ಅಂಗಡಿ ಮುಂದೆ ಹತ್ತುತ್ತಾಳೆ. ಬಸ್ಸು ಕುದುರೆ ಬಗ್ಗಿದ ಹಾಗೆ ಒಂದು ಪಕ್ಕಕ್ಕೆ ಬಗ್ಗುತ್ತೆ, ಮುದುಕರು ಹತ್ತಲಿ ಅಂತ. ಎರಡನೇ ನಿಲ್ದಾಣ ಶಾಲೆ. ಮೂರನೇದು ಚರ್ಚು, ಹಸಿರು ಗುಮ್ಮಟ, ಈರುಳ್ಳಿ ಥರ. ಅಲ್ಲಿ ಇಬ್ಬರು ಅಜ್ಜಿಯರು ಹತ್ತುತ್ತಾರೆ, ಯಾವಾಗಲೂ ಜಗಳ. ನಾಲ್ಕನೇದು ಬ್ರೆಡ್ ಅಂಗಡಿ. ಬಾಗಿಲು ತೆಗೆದ್ರೆ ವಾಸನೆ ಬರುತ್ತೆ ಅಂತಾಳೆ. ಕಣ್ಣು ಕಾಣದ ಒಬ್ಬರು ನಾಯಿ ಜೊತೆ ಅಲ್ಲೇ ಹತ್ತೋದು. ನಾಯಿ ಹೆಸರು ಬಿಸ್ಕತ್ತು. ಆಮೇಲೆ ಬಲಕ್ಕೆ ತಿರುಗಿ ದೊಡ್ಡ ರಸ್ತೆ, ಮೇನ್ ಅಂತ. ಅಲ್ಲಿಂದ ಇಳಿಜಾರು, ರೈಲು ಸೇತುವೆ ಕೆಳಗೆ ಹೋಗುತ್ತೆ. ಅಲ್ಲಿ ಫೋನು ಕೇಳಲ್ಲ. ಹನ್ನೆರಡು ಎಣಿಸಿದ್ರೆ ಮತ್ತೆ ಕೇಳುತ್ತೆ. ಕೆಂಪು ದೀಪ ಬಿದ್ದಿದ್ರೆ ಮೂವತ್ತು.”

ಅಧಿಕಾರಿ ಪೆನ್ನು ಕೆಳಗಿಟ್ಟಳು. ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಪರದೆಯ ಮೇಲೆ ವಿನಿಪೆಗ್ಗಿನ ನಕಾಶೆ ಬಂತೆಂದು ದುಲ್ಫೊಗೆ ಗೊತ್ತಾಗಲಿಲ್ಲ. ಅವನ ಕಣ್ಣು ಮುಚ್ಚಿಯೇ ಇತ್ತು.

“ಮುಂದೆ,” ಎಂದಳು.

“ಮುಂದೆ ಎತ್ತರದ ಕಟ್ಟಡಗಳು. ಅಲ್ಲಿ ಡ್ರೈವರ್ ಬದಲಾಗ್ತಾನೆ. ಹೊಸ ಡ್ರೈವರ್ ಹೆಂಗಸಾದ್ರೆ ಬೇಗ ಹೋಗುತ್ತೆ, ಗಡ್ಡದವನಾದ್ರೆ ಕಾಫಿ ತಗೊಂಡು ಬರ್ತಾನೆ, ಎಲ್ಲರೂ ಕಾಯ್ತಾರೆ. ಆಮೇಲೆ ನದಿ ಸೇತುವೆ. ಡಿಸೆಂಬರಿಂದ ಮಾರ್ಚಿನವರೆಗೆ ನದಿ ಮೇಲೆ ಜನ ನಡೀತಾರಂತೆ, ಅದನ್ನ ಮಾತ್ರ ನಾನು ನಂಬಿಲ್ಲ. ಸೇತುವೆ ದಾಟಿದ ಮೇಲೆ ಮೂರನೇ ನಿಲ್ದಾಣ, ಔಷಧಿ ಅಂಗಡಿ. ಅಲ್ಲಿ ಇಳೀತಾಳೆ. ಹೋದ ಚಳಿಗಾಲ ನೀರಿನ ಪೈಪು ಒಡೆದು ಆ ನಿಲ್ದಾಣ ಮುಚ್ಚಿದ್ರು. ಒಂದು ರಸ್ತೆ ಹಿಂದೆ ಇಳಿದು ನಡೀಬೇಕಿತ್ತು. ಆವಾಗ ಜಾರಿ ಬಿದ್ದು ಎಡ ಮೊಣಕೈ ಊದಿಸ್ಕೊಂಡ್ಲು. ಅವಳು ನೋಡ್ಕೊಳ್ಳೋ ಅಜ್ಜಿ, ಕೊವಾಲ್ಚುಕ್ ಅಂತ, ತೊಂಬತ್ತೊಂದು ವರ್ಷ, ತಾನು ಮಾತ್ರೆ ನುಂಗೋಕೆ ಇಟ್ಟ ಹಣ್ಣಿನ ಜಾಮನ್ನೇ ಇವಳ ಮೊಣಕೈಗೆ ಹಚ್ಚೋಕೆ ಬಂದ್ರಂತೆ.”

ಹುಡುಗಿಗೆ ತಿಳಿಸಿ ಹೇಳುವುದು ಮರೆತೇ ಹೋಗಿತ್ತು. ಅಧಿಕಾರಿ ಅವಳ ತೋಳು ತಟ್ಟಬೇಕಾಯಿತು. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಧಿಕಾರಿಯ ಬೆರಳು ಪರದೆಯ ಮೇಲೆ ಮೆಲ್ಲಗೆ ಸರಿಯುತ್ತ ಹೋಯಿತು, ಒಂದು ಕಡೆ ನಿಂತಿತು, ಮತ್ತೆ ಸರಿಯಿತು.

“ನೀವು ವಿನಿಪೆಗ್ಗಿಗೆ ಯಾವಾಗ ಹೋಗಿದ್ರಿ?”

“ನಾನಾ? ಮನಿಲಾಕ್ಕೇ ಇದು ಎರಡನೇ ಸಲ.”

“ಕೊನೆಯ ಪ್ರಶ್ನೆ. ಈ ವಯಸ್ಸಿನಲ್ಲಿ, ಅಷ್ಟು ಚಳಿಗೆ, ಭಾಷೆ ಬಾರದ ಊರಿಗೆ ಯಾಕೆ ಹೋಗಬೇಕು? ಅವರೇ ಇಲ್ಲಿಗೆ ವಾಪಸು ಬರಬಹುದಲ್ಲ?”

“ಬಾ ಅಂದ್ರೆ ಬರ್ತಾಳೆ. ಅವಳಿಗೆ ಯಾರು ಏನು ಹೇಳಿದ್ರೂ ಮಾಡಿ ಅಭ್ಯಾಸ. ಅದಕ್ಕೇ ಅನ್ನಲಿಲ್ಲ.” ದುಲ್ಫೊ ಕಣ್ಣು ತೆರೆದ. “ಮೂವತ್ತೊಂದು ವರ್ಷ ಬೇರೆಯವರ ಮನೇಲಿ ಅನ್ನ ಮಾಡಿದ್ದಾಳೆ ಮೇಡಂ. ಅವಳು ಮನೆಗೆ ಬರೋ ಹೊತ್ತಿಗೆ ಅನ್ನ ಮಾಡಿಟ್ಟವರು ಒಬ್ಬರೂ ಇಲ್ಲ. ನಾನು ಅನ್ನ ಚೆನ್ನಾಗಿ ಮಾಡ್ತೀನಿ. ಮೀನೂ.”

ಅಧಿಕಾರಿ ಕಾಗದಗಳನ್ನು ಜೋಡಿಸಿಟ್ಟಳು. ತಿಳಿಸುತ್ತೇವೆ, ಹೋಗಬಹುದು ಎಂದಳು. ಹೊರಡುವಾಗ ಭಾಷೆಯ ಹುಡುಗಿ ಗಾಜಿನ ಆ ಕಡೆಯಿಂದ, ಯಾರಿಗೂ ಕಾಣದಂತೆ, ಅವನಿಗೆ ಹೆಬ್ಬೆರಳು ಎತ್ತಿ ತೋರಿಸಿದಳು.

ವೆನಾನ್ಸಿಯೊ ಹೊರಗೆ ಕಾಯುತ್ತಿದ್ದ. ಇಬ್ಬರೂ ರಸ್ತೆಬದಿಯ ಸಣ್ಣ ಹೋಟೆಲಿಗೆ ಹೋಗಿ ಇಲೊಯಿಲೊ ಕಡೆಯ ಬಿಸಿ ನೂಡಲ್ ಸಾರು ತಗೊಂಡರು. ಏನೇನು ಕೇಳಿದರು ಎಂದು ವೆನಾನ್ಸಿಯೊ ಕೇಳಿದ. ದುಲ್ಫೊ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಹೆಸರಿಲ್ಲದ ಪತ್ರದ ವಿಷಯ, ತಾನು ಕೊಟ್ಟ ಉತ್ತರ, ಬಸ್ಸಿನ ದಾರಿ.

ವೆನಾನ್ಸಿಯೊ ಚಮಚ ಕೆಳಗಿಟ್ಟ. ಅವನ ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

“ಅಕ್ಕ ಬಿದ್ದು ಮೊಣಕೈ ಊದಿಸಿಕೊಂಡಿದ್ದು ನನಗೆ ಗೊತ್ತೇ ಇಲ್ಲ,” ಎಂದ. “ನಾನು ಕೇಳೇ ಇಲ್ಲ. ನಾನು ಫೋನ್ ಮಾಡೋದೇ ಏನಾದ್ರೂ ಬೇಕಾದಾಗ.”

“ಹೇಳ್ಕೊಳ್ಳೋ ಪೈಕಿ ಅಲ್ಲ ಅವಳು.”

“ಆ ಪತ್ರ ಬರೆದಿದ್ದು ನಾನು.”

ದುಲ್ಫೊ ಬಟ್ಟಲಿನಿಂದ ತಲೆಯೆತ್ತಲಿಲ್ಲ. ಒಂದು ಚಮಚ ಕುಡಿದ, ಇನ್ನೊಂದು ಕುಡಿದ.

“ಗಾಜಿನ ಹತ್ರ ನಿಂತಾಗಲೇ ಅಂದ್ಕೊಂಡೆ. ಕಾಯಿಲೆ ಮನುಷ್ಯ ಅಂತ ಬರೆಯೋಕೆ, ನಿಮ್ಮ ಕಡೆಯವರಲ್ಲಿ ನನ್ನ ಎಕ್ಸ್‌ರೇ ಸುದ್ದಿ ಗೊತ್ತಿದ್ದವರು ನೀನು ಬಿಟ್ಟರೆ ಯಾರಿದ್ದಾರೆ?”

“ಗೊತ್ತಿದ್ದೂ ಹಾಗೆ ಹೇಳಿದ್ಯಾ? ಪ್ರೀತಿಯಿಂದ ಬರೆದಿದ್ದಾರೆ ಅಂತ?”

“ಸುಳ್ಳೇನು ಹೇಳಿಲ್ವಲ್ಲ. ಪ್ರೀತಿಯಿಂದ್ಲೇ ತಾನೇ ಬರೆದಿದ್ದು?”

ವೆನಾನ್ಸಿಯೊ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ನೌಕರಿಯಲ್ಲಿ ನೂರು ಜನರ ಮೇಲಿದ್ದ ಮನುಷ್ಯ, ಹೋಟೆಲಿನಲ್ಲಿ ಎಲ್ಲರೂ ನೋಡುತ್ತಿದ್ದರೂ ಬಿಕ್ಕಿದ. “ಅಕ್ಕನಿಗೆ ಹೇಳ್ತೀಯಾ?”

“ನಾನು ಹೇಳಲ್ಲ. ನೀನೇ ಹೇಳು. ಈಗ ಸಾರು ಕುಡಿ, ಆರಿಹೋಗ್ತಿದೆ.”

ಆವತ್ತು ಸಂಜೆ ವೆನಾನ್ಸಿಯೊ ಅಕ್ಕನಿಗೆ ಫೋನು ಮಾಡಿ ಹೇಳಿಕೊಂಡ. ಅವಳು ಒಂದು ತಿಂಗಳು ಅವನೊಡನೆ ಮಾತು ಬಿಟ್ಟಳು. ಕಾರು ನಿಲ್ಲಿಸುವ ಜಾಗದ ಚಾಪೆಯನ್ನು ಅವನು ಆ ದಿನವೇ ಮಡಿಸಿಟ್ಟು, ದುಲ್ಫೊನನ್ನು ತನ್ನ ಕೋಣೆಯಲ್ಲಿ ಮಲಗಿಸಿ, ತಾನು ಹೊರಗೆ ಸೋಫಾದ ಮೇಲೆ ಮಲಗಿದ.

ಏಳು ವಾರ ಕಳೆಯಿತು. ಒಂದು ಮಧ್ಯಾಹ್ನ ದುಲ್ಫೊ ಎಸ್ತಾನ್ಸಿಯಾದಿಂದ ಜನ ತುಂಬಿಕೊಂಡು ಬರುತ್ತಿದ್ದಾಗ ದೂರದಿಂದಲೇ ಜೆಟ್ಟಿ ಕಪ್ಪಗೆ ಕಂಡಿತು. ಹತ್ತಿರ ಬಂದಂತೆ ಅದೆಲ್ಲ ಜನ ಎಂದು ಗೊತ್ತಾಯಿತು. ಬೆಂಕಿ ಬಿತ್ತೋ, ಯಾರಾದರೂ ಹೋದರೋ ಎಂದು ಅವನ ಜೀವ ಹಾರಿತು. ಇಂಜಿನ್ನಿನ ಸದ್ದಿನ ಮೇಲೂ ಟಂಗ್ ಟಂಗ್ ಎಂದು ಏನೋ ಬಡಿಯುವುದು ಕೇಳುತ್ತಿತ್ತು. ಅವನು ಇಂಜಿನ್ ನಿಲ್ಲಿಸಿದ.

ನಾಂಗ್ ಸೆಪಾ ಅಂಗಡಿಯ ದೊಡ್ಡ ಬಾಣಲೆಯನ್ನು ಸೌಟಿನಿಂದ ಬಡಿಯುತ್ತಿದ್ದಳು. ಪಕ್ಕದಲ್ಲಿ ಮರಿದೆಲ್ ಫೋನನ್ನು ಎರಡು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

“ಅಪ್ಪಾ! ಬಂತು! ವೀಸಾ ಬಂತು!”

“ಮದುಮಗಳೇ, ಓಲೆ ಬಂತು ಕಣೋ!” ನಾಂಗ್ ಸೆಪಾ ಕಿರುಚಿದಳು. “ಹತ್ತು ವಿಮಾನ!”

ದೋಣಿಯಲ್ಲಿದ್ದವರೆಲ್ಲ ಎದ್ದು ನಿಂತು ಕೇಕೆ ಹಾಕಿದರು. ದೋಣಿ ಒಂದು ಪಕ್ಕಕ್ಕೆ ವಾಲಿತು. “ಕೂತ್ಕೊಳ್ರೋ, ಮುಳುಗಿಸ್ತೀರಾ!” ಎಂದು ಗದರಿಸಿದ ದುಲ್ಫೊ, ತಾನೇ ಚುಕ್ಕಾಣಿ ಬಿಟ್ಟು, ಚಪ್ಪಲಿ ಸಮೇತ ಎದೆಮಟ್ಟದ ನೀರಿಗೆ ಹಾರಿದ. ಜೇಬಿನಲ್ಲಿದ್ದ ಮೂರನೆಯ ಫೋನೂ ಅವನ ಜೊತೆಗೇ ನೀರಿಗೆ ಹೋಯಿತು. ಯಾರೂ ಅದಕ್ಕೆ ಅಳಲಿಲ್ಲ.

ಮರಿದೆಲ್ ನೀರಿಗಿಳಿದು ಬಂದು ಅಪ್ಪನನ್ನು ತಬ್ಬಿದಳು. ಇಷ್ಟು ದಿನ ಅರ್ಜಿ ತುಂಬಿ, ಪತ್ರ ಓದಿ, ಅಪ್ಪ ಹೋಗಿಬಿಡಬಾರದೇ ಎಂದು ಒಂದು ಮನಸ್ಸು, ಹೋದರೆ ತನಗ್ಯಾರು ಎಂದು ಇನ್ನೊಂದು ಮನಸ್ಸು ಇಟ್ಟುಕೊಂಡಿದ್ದವಳು, ಅವನ ಒದ್ದೆ ಭುಜಕ್ಕೆ ಹಣೆ ಒತ್ತಿ ಹೇಳಿದಳು: “ಅಮ್ಮ ಇದ್ದಿದ್ರೆ ಅವಳೂ ಹೋಗು ಅಂತಿದ್ಲು ಅಪ್ಪ.” ದುಲ್ಫೊ ಅವಳ ನೆತ್ತಿ ಹಿಡಿದು ನಿಂತ.

ದೋಣಿ ಅಳಿಯನ ಕೈಗೆ ಹೋಯಿತು. ಊರೇ ಸೇರಿ ಹಂದಿ ಸುಟ್ಟಿತು. ಹೊರಡುವ ದಿನ ಮನಿಲಾದ ವಿಮಾನ ನಿಲ್ದಾಣಕ್ಕೆ ಏಳು ಜನ ತಮ್ಮ ತಂಗಿಯರಲ್ಲಿ ಐದು ಜನ ಬಂದಿದ್ದರು. ವೆನಾನ್ಸಿಯೊ ತನ್ನ ದಪ್ಪ ಕೋಟನ್ನು ದುಲ್ಫೊಗೆ ತೊಡಿಸಿ, ಗುಂಡಿಗಳನ್ನು ಒಂದೊಂದಾಗಿ ತಾನೇ ಹಾಕಿ, “ಅಕ್ಕನನ್ನ ಚೆನ್ನಾಗಿ ನೋಡ್ಕೊ ಭಾವ,” ಎಂದ. ಭಾವ ಎಂದು ಅವನು ಕರೆದದ್ದು ಅದೇ ಮೊದಲು.

ವಿನಿಪೆಗ್ಗಿನಲ್ಲಿ ದುಲ್ಫೊ ಇಳಿದಾಗ ಫೆಬ್ರವರಿ. ಫಾನಿಯಾ ಬಾಗಿಲ ಬಳಿ ಇನ್ನೊಂದು ಕೋಟು, ಟೊಪ್ಪಿ, ಕೈಗವಸು ಹಿಡಿದು ನಿಂತಿದ್ದಳು. ಅವಳ ಹಿಂದೆ ಅವಳ ಚರ್ಚಿನ ಹೆಂಗಸರು, ಇವರ ದೇಶದವರೇ, ಹದಿನೈದು ಜನ. ಇಬ್ಬರೂ ಎದುರುಬದುರು ನಿಂತರು, ಏನು ಮಾಡುವುದೆಂದು ತಿಳಿಯದೆ. ಕೊನೆಗೆ ಒಬ್ಬ ಮುದುಕಿ ಬೈದಳು: “ಎರಡು ವರ್ಷ ನಮ್ಮ ಕಿವಿ ತೂತಾಗೋ ಹಾಗೆ ದುಲ್ಫೊ ದುಲ್ಫೊ ಅಂದ್ಯಲ್ಲ, ಈಗ ಮುಟ್ಟೋಕೆ ಮುಹೂರ್ತ ಬೇಕಾ?” ಫಾನಿಯಾ ನಗುತ್ತಲೇ ಅತ್ತಳು, ಅಳುತ್ತಲೇ ಕೋಟು ಹಾಕಿದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಮೊದಲ ವರ್ಷ ಅವನು ಸಂಜೆ ಶಾಲೆಗೆ ಹೋದ. ಮೂರನೇ ಕ್ಲಾಸಿಗೆ ನಿಂತಿದ್ದ ಓದು ಐವತ್ತೆಂಟರಲ್ಲಿ ಮತ್ತೆ ಶುರುವಾಯಿತು. ಎರಡನೆಯ ಚಳಿಗಾಲ ಬಡಾವಣೆಯ ಸ್ಕೇಟಿಂಗ್ ಅಂಗಳದಲ್ಲಿ ಗುಡಿಸುವ ಕೆಲಸ ಸಿಕ್ಕಿತು. ಅಲ್ಲಿ ಮಂಜುಗಡ್ಡೆಯ ನೆಲವನ್ನು ಸವರಿ ನುಣುಪು ಮಾಡುವ ದೊಡ್ಡ ಬಂಡಿಯೊಂದಿತ್ತು. ಅದನ್ನು ಓಡಿಸುವವನು ಕೆಲಸ ಬಿಟ್ಟಾಗ ಮ್ಯಾನೇಜರು ಇವನನ್ನು ಕೂರಿಸಿ ನೋಡಿದ. ಮೂರು ಸುತ್ತು ಹೊಡೆದು ಬರುವಷ್ಟರಲ್ಲಿ ಅವನು ಆ ಬಂಡಿ ಎಲ್ಲಿ ಜಾರುತ್ತದೆ, ತಿರುವಿನಲ್ಲಿ ಎಷ್ಟು ಮುಂಚೆ ತಿರುಗಿಸಬೇಕು ಎಂದು ಅರಿತುಕೊಂಡಿದ್ದ.

“ಮೊದಲು ಎಲ್ಲಿ ಓಡಿಸ್ತಿದ್ದೆ ಇದನ್ನ?” ಮ್ಯಾನೇಜರು ಕೇಳಿದ.

“ಐಸ್ ಮೇಲೆ ಅಲ್ಲ,” ದುಲ್ಫೊ ತಾನು ಕಲಿತ ಇಂಗ್ಲಿಷಿನಲ್ಲಿ ಹೇಳಿದ. “ಅದು ಗಟ್ಟಿಯಾಗೋಕೆ ಮುಂಚಿನ ನೀರಿನ ಮೇಲೆ.”

ಈಗ ಪ್ರತಿ ಶನಿವಾರ ಆಟಗಳ ನಡುವೆ ಬಂಡಿ ಅಂಗಳಕ್ಕೆ ಇಳಿದಾಗ ಬೆಂಚುಗಳ ಮೇಲಿನ ಜನ “ದುಲ್ಫೊ! ದುಲ್ಫೊ!” ಎಂದು ಕೂಗುತ್ತಾರೆ. ಮೂರನೆಯ ಸಾಲಿನಲ್ಲಿ, ಮೊಣಕಾಲಿಗೆ ಕಂಬಳಿ ಸುತ್ತಿ, ಫಾನಿಯಾ ಕೂತಿರುತ್ತಾಳೆ. ಅದು ಅವಳ ರಜೆಯ ದಿನ, ಎಲ್ಲಿಗೂ ಹೋಗಬೇಕಾಗಿಲ್ಲ. ಅವನು ಟೊಪ್ಪಿ ಎತ್ತಿ ಅವಳಿಗೆ ಬೀಸಿ, ಬೇಕಿರಲಿ ಬೇಡವಾಗಿರಲಿ, ಒಂದು ಸುತ್ತು ಹೆಚ್ಚಿಗೆ ಹೊಡೆಯುತ್ತಾನೆ.